ರಿಮೋಟ್ ಒತ್ತಿದರೆ ಟಿವಿ ಆರುತ್ತದೆ, ಮೀಟರ್ ಆರುವುದಿಲ್ಲ

ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಗಳಲ್ಲಿ ಕರೆಂಟ್ ಬಿಲ್ ಓದುವ ಅಭ್ಯಾಸವೇ ತಪ್ಪಿಹೋಗಿದೆ. ಮೀಟರ್ ರೀಡರ್ ಕೊಟ್ಟ ಚೀಟಿಯ ಕೆಳಗೆ ಸೊನ್ನೆ ಕಂಡರೆ ಸಾಕು, ಅದು ಮಡಚಿಕೊಂಡು ಫ್ರಿಜ್ ಮೇಲೆ ಹೋಗಿ ಕೂರುತ್ತದೆ. ಎಷ್ಟು ಯೂನಿಟ್ ಆಯಿತು ಅಂತ ಯಾರೂ ನೋಡುವುದಿಲ್ಲ. ಒಂದು ತಿಂಗಳು ಇದ್ದಕ್ಕಿದ್ದಂತೆ ಒಂದೂವರೆ ಸಾವಿರದ ಬಿಲ್ ಬಂದಾಗ ಮಾತ್ರ ಮನೆಮಂದಿಯೆಲ್ಲ ಚೀಟಿ ಹಿಡಿದು ನಿಲ್ಲುತ್ತಾರೆ, ಹೆಸ್ಕಾಂನವರಿಗೆ ಬೈಗುಳ ಶುರುವಾಗುತ್ತದೆ.

2023ರ ಆಗಸ್ಟ್‌ನಲ್ಲಿ ಯೋಜನೆ ಜಾರಿಗೆ ಬಂದಾಗಿನಿಂದ '200 ಯೂನಿಟ್ ಫ್ರೀ' ಎನ್ನುವುದು ಎಲ್ಲರ ಬಾಯಲ್ಲಿದೆ. ಆದರೆ ಎಲ್ಲರಿಗೂ 200 ಫ್ರೀ ಅಲ್ಲ. 2022-23ನೇ ಸಾಲಿನಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ ಅದರ ಮೇಲೆ ಸಾಮಾನ್ಯವಾಗಿ ಶೇ. 10 ಸೇರಿಸಿ ಆ ಮನೆಯ ಮಿತಿ ಕಟ್ಟಿದ್ದಾರೆ. ಆಗ ಸರಾಸರಿ 70 ಇದ್ದವರಿಗೆ ಈಗ 77. ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ 53ರ ಮೇಲೆ ಶೇ. 10, ಅಂದರೆ 58. ಮಿತಿ ದಾಟಿ 200ರ ಒಳಗೆ ಇದ್ದರೆ ಹೆಚ್ಚಾದ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು. 200 ದಾಟಿದರೋ, ಆ ತಿಂಗಳು ಫ್ರೀ ಎನ್ನುವ ಮಾತೇ ಇಲ್ಲ, ಪೂರಾ ಬಿಲ್. 198 ಯೂನಿಟ್ ಸುಟ್ಟ ಮನೆಗೆ ಸೊನ್ನೆ ಬರಬಹುದು, ಪಕ್ಕದಲ್ಲೇ 205 ಸುಟ್ಟ ಮನೆಗೆ ಒಂದೂವರೆ ಸಾವಿರದ ಆಸುಪಾಸು ಬರಬಹುದು. ಏಳು ಯೂನಿಟ್‌ನ ವ್ಯತ್ಯಾಸ ಅಷ್ಟೇ.

ಈ ಏಳು ಯೂನಿಟ್ ಎಲ್ಲಿ ಹೋಗುತ್ತದೆ ಎನ್ನುವುದೇ ನಮ್ಮ ಮಾತು. ಅದು ಫ್ಯಾನಿನಲ್ಲೂ ಹೋಗಬೇಕಾಗಿಲ್ಲ, ಮಿಕ್ಸಿಯಲ್ಲೂ ಹೋಗಬೇಕಾಗಿಲ್ಲ. ಟಿವಿಯ ಕೆಳಗೆ ಕೂತ ಸೆಟ್‌ಟಾಪ್ ಬಾಕ್ಸ್ ಒಂದೇ ಸಾಕು. ರಿಮೋಟ್‌ನಲ್ಲಿ ಆಫ್ ಮಾಡಿದಾಗ ಅದರ ದೀಪ ಹಸಿರಿನಿಂದ ಕೆಂಪಾಗುತ್ತದೆ. ನಾವು ಅದು ಮಲಗಿತು ಅಂದುಕೊಳ್ಳುತ್ತೇವೆ. ಒಳಗೆ ಅದು ಸಿಗ್ನಲ್ ಹಿಡಿಯುತ್ತಾ, ಕಂಪೆನಿಯಿಂದ ಏನಾದರೂ ಅಪ್‌ಡೇಟ್ ಬರುತ್ತದೋ ಅಂತ ಕಾಯುತ್ತಾ ಎಚ್ಚರವಾಗಿಯೇ ಇರುತ್ತದೆ. ಬಹಳಷ್ಟು ಬಾಕ್ಸ್‌ಗಳು ಆನ್ ಇದ್ದಾಗ ಎಳೆಯುವಷ್ಟೇ ಕರೆಂಟನ್ನು ಹೆಚ್ಚುಕಡಿಮೆ ಆಫ್ ಇದ್ದಾಗಲೂ ಎಳೆಯುತ್ತವೆ. ಬಾಕ್ಸ್ ಮುಟ್ಟಿ ನೋಡಿ, ಬೆಳಗ್ಗೆ ಎದ್ದಾಗಲೂ ಬೆಚ್ಚಗಿರುತ್ತದೆ. ಆ ಬಿಸಿ ನಮ್ಮ ಮೀಟರ್‌ನಿಂದ ಬಂದದ್ದು.

ಲೆಕ್ಕ ಕಷ್ಟದ್ದಲ್ಲ. ಒಂದು ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಹತ್ತು ವ್ಯಾಟ್‌ನ ಬಾಕ್ಸ್ ದಿನದ 24 ಗಂಟೆಯೂ ಇದ್ದರೆ ತಿಂಗಳಿಗೆ 7.2 ಯೂನಿಟ್. ಅದರ ಪಕ್ಕದಲ್ಲಿ ಮಕ್ಕಳ ಕಂಪ್ಯೂಟರ್, ಮಾನಿಟರ್, ಪ್ರಿಂಟರ್, ಸ್ಪೀಕರ್ ಎಲ್ಲ ಸೇರಿ ಸುಮ್ಮನೆ ಕೂತು ಇನ್ನೊಂದು ಏಳೆಂಟು ವ್ಯಾಟ್ ಎಳೆದರೆ ಮತ್ತೆ ಐದಾರು ಯೂನಿಟ್. ಗಡಿಯಾರ ತೋರಿಸುತ್ತಾ ನಿಂತ ಮೈಕ್ರೋವೇವ್‌ಗೆ ಎರಡು. ಹೀಗೆ ಯಾರೂ ಬಳಸದ ಹದಿನೈದು ಯೂನಿಟ್ ಆಗುವುದು ಕಷ್ಟವಿಲ್ಲ. 77ರ ಮಿತಿಯ ಮನೆಯಲ್ಲಿ ಇದು ಐದರಲ್ಲಿ ಒಂದು ಪಾಲು. 58ರ ಮಿತಿಯವರಿಗೆ ನಾಲ್ಕರಲ್ಲಿ ಒಂದು.

ಮೊಬೈಲ್ ಚಾರ್ಜರ್ ಬಗ್ಗೆ ಮಾತ್ರ ನಮ್ಮ ಮನೆಗಳಲ್ಲಿ ದೊಡ್ಡ ಜಗಳ. ಪ್ಲಗ್‌ನಲ್ಲೇ ಬಿಟ್ಟದ್ದಕ್ಕೆ ಉಮ್ಮ ಮಕ್ಕಳಿಗೆ ಗದರುತ್ತಾರೆ. ನಿಜ ಹೇಳಬೇಕೆಂದರೆ, ಫೋನ್ ಸಿಕ್ಕಿಸದ ಒಳ್ಳೆಯ ಚಾರ್ಜರ್ ಇಡೀ ವರ್ಷದಲ್ಲಿ ಎಳೆಯುವುದು ಒಂದು ಯೂನಿಟ್ ಆಗುವುದೂ ಸಂಶಯ. ಗದರುವುದಿದ್ದರೆ ಸೆಟ್‌ಟಾಪ್ ಬಾಕ್ಸ್‌ಗೆ ಗದರಬೇಕು. ಹೊಸ ಟಿವಿಗಳೂ ಈ ವಿಷಯದಲ್ಲಿ ಅಷ್ಟು ಕೆಟ್ಟವಲ್ಲ. ಆಫ್ ಇರುವ ಯಾವ ಯಂತ್ರವೂ ಒಂದು ವ್ಯಾಟ್‌ಗಿಂತ ಹೆಚ್ಚು ಎಳೆಯಬಾರದು ಅಂತ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲೇ ಹೇಳಿತ್ತು. ಯುರೋಪಿನವರು 2008ರಲ್ಲಿ ನಿಯಮ ಮಾಡಿ, 2013ರ ಹೊತ್ತಿಗೆ ಅರ್ಧ ವ್ಯಾಟ್‌ಗೆ ಇಳಿಸಿದರು. ಲೋಕಕ್ಕೆಲ್ಲ ಟಿವಿ ಮಾರುವ ಕಂಪೆನಿಗಳು ಅದಕ್ಕೆ ತಕ್ಕಂತೆ ತಯಾರಿಸಿದ್ದರ ಲಾಭ ನಮಗೂ ಸಿಕ್ಕಿದೆ.

ಈ ವ್ಯರ್ಥಕ್ಕೆ ಮದ್ದು ನಮ್ಮ ಗೋಡೆಯಲ್ಲೇ ಇದೆ. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿ ಸಾಕೆಟ್‌ಗೆ ಸ್ವಿಚ್ ಇರುವುದಿಲ್ಲ. ನಮ್ಮಲ್ಲಿ ಪ್ರತಿ ಸಾಕೆಟ್ ಪಕ್ಕ ಒಂದು ಸ್ವಿಚ್ ಇದೆ. ಆದರೆ ಅದು ಎಲ್ಲಿದೆ? ಟಿವಿ ಯೂನಿಟ್ ಮಾಡಿಸುವಾಗ ಬಡಗಿ ಅದನ್ನು ಹಲಗೆಯ ಹಿಂದೆ ಹಾಕಿರುತ್ತಾನೆ, ಕೈ ಹೋಗುವುದಿಲ್ಲ. ಧಾರವಾಡದ ಹಳೆಯ ಬಾಡಿಗೆ ಮನೆಗಳಲ್ಲಿ ಇಡೀ ಹಾಲ್‌ಗೆ ಒಂದೇ ಸಾಕೆಟ್, ಅದಕ್ಕೆ ಒಂದು ಎಕ್ಸ್‌ಟೆನ್ಷನ್ ಬಾಕ್ಸ್, ಅದರ ಬೆನ್ನಿಗೆ ಇನ್ನೊಂದು. ರಾತ್ರಿ ಎಲ್ಲವನ್ನೂ ಆಫ್ ಮಾಡಿ ಎಂದರೆ ಯಾರು ಮಾಡುತ್ತಾರೆ?

ಅದಕ್ಕೇ ನಾವು ಹೇಳುವುದು, ಪ್ರತಿ ಸಾಕೆಟ್‌ಗೂ ಬೇರೆ ಬೇರೆ ಸ್ವಿಚ್ ಇರುವ ಒಂದು ಒಳ್ಳೆಯ ಸ್ಪೈಕ್ ಗಾರ್ಡ್ ತಂದು ಟಿವಿಯ ಪಕ್ಕ, ಕೈಗೆ ಸಿಗುವ ಎತ್ತರದಲ್ಲಿ ಗೋಡೆಗೆ ಬಿಗಿಯಿರಿ. ಟಿವಿ, ಬಾಕ್ಸ್, ಸ್ಪೀಕರ್ ಒಂದಕ್ಕೊಂದು ಅಂಟಿಕೊಂಡವು, ಒಂದರ ಜೊತೆ ಇನ್ನೊಂದು ಆರಲಿ. ಒಂದೇ ಸ್ವಿಚ್‌ನ ಪಟ್ಟಿ ಬೇಡ. ಅದರಲ್ಲಿ ವೈಫೈ ರೂಟರ್ ಕೂಡ ಸಿಕ್ಕಿಕೊಂಡಿದ್ದರೆ ಮನೆಯಲ್ಲಿ ಓದುವ ಮಗಳು ಅಥವಾ ದುಬೈಯಿಂದ ಫೋನ್ ಮಾಡುವ ಮಗ ಮೊದಲ ದಿನವೇ ತಕರಾರು ತೆಗೆಯುತ್ತಾರೆ, ಎರಡನೇ ದಿನ ಸ್ವಿಚ್ ಮುಟ್ಟುವವರೇ ಇರುವುದಿಲ್ಲ. ಬಾಕ್ಸ್ ಮತ್ತೆ ಆನ್ ಆಗಿ ಚಾನೆಲ್ ಬರಲು ಒಂದೆರಡು ನಿಮಿಷ ಬೇಕು, ಹಿರಿಯರಿಗೆ ಅದು ಕಿರಿಕಿರಿ. ಹಗಲಿಡೀ ಆಫ್-ಆನ್ ಬೇಡ, ರಾತ್ರಿ ಮಲಗುವಾಗ ಆರಿಸಿ ಮರುದಿನ ನೋಡುವ ಹೊತ್ತಿಗೆ ಹಾಕಿದರೂ ಬಾಕ್ಸ್‌ನ ಅರ್ಧಕ್ಕಿಂತ ಹೆಚ್ಚು ಯೂನಿಟ್ ಉಳಿಯುತ್ತದೆ.

ಇದಕ್ಕೆ ಸಿಕ್ಕಿಸಬಾರದ ಸಾಮಾನುಗಳೂ ಇವೆ. ಗೀಸರ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ, ಎಸಿ ಇವು ಗೋಡೆಯ ದೊಡ್ಡ 16 ಆಂಪಿಯರ್ ಸಾಕೆಟ್‌ನವು. ಆರು ಆಂಪಿಯರ್‌ನ ಪಟ್ಟಿಗೆ ಹಾಕಿದರೆ ವೈರ್ ಕಾದು ಪ್ಲಾಸ್ಟಿಕ್ ಕರಗುತ್ತದೆ. ಫ್ರಿಜ್ ತನ್ನ ಪಾಡಿಗೆ ಇರಲಿ.

ಇನ್ನು 'ಗಾರ್ಡ್' ಎನ್ನುವ ಹೆಸರಿನ ಬಗ್ಗೆ. ಹುಬ್ಬಳ್ಳಿ ಅಂಗಡಿಯಲ್ಲಿ ಕೇಳಿದರೆ, "ಇದನ್ನ ಹಾಕ್ರಿ, ಸಿಡ್ಲು ಬಡದ್ರೂ ಏನೂ ಆಗಂಗಿಲ್ರಿ" ಎನ್ನುವವರಿದ್ದಾರೆ. ನಂಬಬೇಡಿ. ಇದರೊಳಗೆ ಎಂಓವಿ ಎನ್ನುವ ಬಿಲ್ಲೆಯಂಥ ಒಂದು ಭಾಗ ಇರುತ್ತದೆ. ವೋಲ್ಟೇಜ್ ಒಂದು ಮಟ್ಟ ಮೀರಿ ಜಿಗಿದರೆ ಅದು ತಾನು ದಾರಿಯಾಗಿ ಹೆಚ್ಚಿನದನ್ನು ಬೇರೆ ಕಡೆ ತಿರುಗಿಸುತ್ತದೆ. ಪ್ರತಿ ಏಟಿಗೂ ಅದು ಸ್ವಲ್ಪ ಸ್ವಲ್ಪ ಸವೆಯುತ್ತದೆ, ಒಂದು ದಿನ ಸತ್ತೇ ಹೋಗುತ್ತದೆ. ಆಮೇಲೆ ಅದು ಬರೀ ಎಕ್ಸ್‌ಟೆನ್ಷನ್ ಬಾಕ್ಸ್. ರಕ್ಷಣೆ ಉಳಿದಿದೆಯೋ ಇಲ್ಲವೋ ತೋರಿಸುವ ಬೇರೆ ದೀಪ ಇದೆಯೇ, ಎಷ್ಟು ಜೂಲ್ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದೆಯೇ, ಎರಡನ್ನೂ ನೋಡಿ ಕೊಳ್ಳಿ. ಬರೆದಿಲ್ಲ ಎಂದಾದರೆ ಅದರೊಳಗೆ ಆ ಬಿಲ್ಲೆ ಇದೆ ಅನ್ನುವುದಕ್ಕೂ ಗ್ಯಾರಂಟಿ ಇಲ್ಲ.

ಅದಕ್ಕಿಂತ ಮೊದಲು ಅರ್ಥಿಂಗ್. ತಿರುಗಿಸಿದ ಕರೆಂಟ್ ನೆಲಕ್ಕೆ ಇಳಿಯಲು ದಾರಿ ಬೇಡವೇ? ಎಷ್ಟೋ ಹಳೆಯ ಮನೆಗಳ ಸಾಕೆಟ್‌ನಲ್ಲಿ ಮೂರನೆಯ ತೂತು ಹೆಸರಿಗೆ ಮಾತ್ರ ಇದೆ, ಹಿಂದೆ ವೈರೇ ಇಲ್ಲ. ಮನೆ ಬಾಡಿಗೆಗೆ ಹಿಡಿಯುವಾಗ ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಕೇಳುತ್ತೇವೆ. ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆದು ಅರ್ಥಿಂಗ್ ಇದೆಯೋ ನೋಡಿಸುವವರು ಎಷ್ಟು ಮಂದಿ? ಇದ್ದರೂ ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಧಾರವಾಡದ ಕಡೆ ಸಂಜೆ ಗುಡುಗು ಮಳೆ ಬರುವುದೂ, ಮಣ್ಣು ಒಣಗಿ ಬಿರಿದಿರುವುದೂ ಒಂದೇ ಹೊತ್ತಿಗೆ. ಮೋಡ ಕಟ್ಟಿದಾಗ ಟಿವಿಯ ಪ್ಲಗ್ಗನ್ನೂ ಡಿಶ್‌ನ ಕೇಬಲ್ಲನ್ನೂ ಕಿತ್ತಿಡುವುದಕ್ಕಿಂತ ದೊಡ್ಡ ಗಾರ್ಡ್ ಯಾವ ಅಂಗಡಿಯಲ್ಲೂ ಇಲ್ಲ. ಸಿಡಿಲು ಶುರುವಾದ ಮೇಲೆ ಕೀಳಲು ಹೋಗಬಾರದು, ಮೊದಲೇ ಕೀಳಬೇಕು. ಕಂಬದಲ್ಲಿ ನ್ಯೂಟ್ರಲ್ ತುಂಡಾಗಿ 230 ಬರಬೇಕಾದ ಮನೆಗೆ 400ರ ಹತ್ತಿರ ಬಂದಾಗಲೂ ಸ್ಪೈಕ್ ಗಾರ್ಡ್ ಉಳಿಸುವುದಿಲ್ಲ. ಅದು ಕ್ಷಣಮಾತ್ರದ ಜಿಗಿತಕ್ಕೆ ಮಾಡಿದ್ದು, ನಿಮಿಷಗಟ್ಟಲೆ ನಿಲ್ಲುವ ಹೈ ವೋಲ್ಟೇಜ್‌ಗಲ್ಲ.

ನಮ್ಮ ಸಮುದಾಯದ ಮನೆಗಳಿಗೇ ವಿಶೇಷವಾಗಿ ಹೇಳಬೇಕಾದ ಒಂದು ಸಂಗತಿ ಇದೆ, ಗಲ್ಫ್ ಪೆಟ್ಟಿಗೆಯಲ್ಲಿ ಬರುವ ಎಕ್ಸ್‌ಟೆನ್ಷನ್ ಬೋರ್ಡ್. ದುಬೈ, ದೋಹಾ ಕಡೆ ಚಪ್ಪಟೆ ಮೂರು ಕಾಲಿನ ಪ್ಲಗ್. ಅಲ್ಲಿಂದ ತಂದ ಮಿಕ್ಸಿ, ಕೆಟಲ್ ಇಲ್ಲಿಯ ಗುಂಡು ತೂತಿಗೆ ಹೋಗುವುದಿಲ್ಲ ಅಂತ, ಎಲ್ಲ ನಮೂನೆಯ ಪ್ಲಗ್ಗೂ ಹಿಡಿಯುವ ಬೋರ್ಡನ್ನೂ ಜೊತೆಗೇ ತರುತ್ತಾರೆ. ಎಲ್ಲದಕ್ಕೂ ಹೊಂದುವ ತೂತು ಯಾವುದನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಪ್ಲಗ್ ಸಡಿಲವಾಗಿ ಕೂತರೆ ಒಳಗೆ ಕಿಡಿ ಹಾರುತ್ತದೆ, ಸಾಕೆಟ್ ಕಪ್ಪಾಗುತ್ತದೆ. ಆ ಬೋರ್ಡ್ ಮೇಲೆ ಕಿತ್ತಳೆ ದೀಪ ಚೆಂದ ಉರಿಯುತ್ತದೆ ಎನ್ನುವುದು ಬಿಟ್ಟರೆ ಅನೇಕ ಬೋರ್ಡ್‌ಗಳಲ್ಲಿ ಸರ್ಜ್ ತಡೆಯುವ ಯಾವುದೂ ಇರುವುದಿಲ್ಲ. ಪ್ಲಗ್ಗನ್ನೇ ಕತ್ತರಿಸಿ ನಮ್ಮ ಮೂರು ಪಿನ್‌ನ ಪ್ಲಗ್ ಹಾಕಿಸುವುದು ಕಡಿಮೆ ಖರ್ಚಿನ ಕೆಲಸ. ಪ್ರೀತಿಯಿಂದ ತಂದದ್ದು ಅಂತ ಅದನ್ನು ಮಕ್ಕಳ ಮಂಚದ ಕೆಳಗೆ ಇಡುವುದು ಬೇಡ.

ಇನ್ನೊಂದು ಊರ ಮನೆ. ಕರಾವಳಿಯಿಂದ ಬಂದು ಹುಬ್ಬಳ್ಳಿ-ಧಾರವಾಡದಲ್ಲಿ ನೆಲೆಸಿದ ನಮ್ಮವರಿಗೆ ಮಂಗಳೂರಿನ ಕಡೆಯೋ ಉಡುಪಿಯ ಕಡೆಯೋ ಒಂದು ಮನೆ ಇದ್ದೇ ಇದೆ. ಪೆರ್ನಾಲ್‌ಗೆ, ಮದುವೆಗೆ ಹೋಗುವಾಗ ಬಾಗಿಲು ತೆರೆಯುತ್ತದೆ, ಉಳಿದ ದಿನ ಬೀಗ. ಬೀಗ ಹಾಕಿ ಬರುವಾಗ ಗ್ಯಾಸ್ ಬಂದ್ ಮಾಡುತ್ತೇವೆ, ನಳ ಬಂದ್ ಮಾಡುತ್ತೇವೆ, ಮೈನ್ ಸ್ವಿಚ್ ಮಾತ್ರ ಹಾಗೇ. ಸೆಟ್‌ಟಾಪ್ ಬಾಕ್ಸ್ ಖಾಲಿ ಹಾಲ್‌ನಲ್ಲಿ ಕೆಂಪು ಕಣ್ಣು ಬಿಟ್ಟುಕೊಂಡು ವರ್ಷವಿಡೀ ಕಾಯುತ್ತದೆ. ಒಬ್ಬರ ಹೆಸರಿನಲ್ಲಿ ಎಷ್ಟು ಮೀಟರ್ ಇದ್ದರೂ ಗೃಹಜ್ಯೋತಿ ಒಂದಕ್ಕೇ. ಇಲ್ಲಿಯ ಮನೆಗೆ ಅದನ್ನು ಹಾಕಿಸಿದ್ದರೆ ಅದೇ ಹೆಸರಿನ ಅಲ್ಲಿಯ ಮೀಟರ್‌ನ ಒಂದೊಂದು ಯೂನಿಟ್‌ಗೂ ನಾವು ಕಟ್ಟಲೇಬೇಕು. ಯೂನಿಟ್‌ಗೆ ಆರು ರೂಪಾಯಿ ಅಂದುಕೊಂಡರೂ ಆ ಬಾಕ್ಸ್ ಒಂದಕ್ಕೇ ವರ್ಷಕ್ಕೆ ಐನೂರು ರೂಪಾಯಿ. ಮುಂಗಾರಿಗೆ ಮೊದಲು ಒಮ್ಮೆ, ಅಕ್ಟೋಬರ್-ನವೆಂಬರ್‌ನಲ್ಲಿ ಇನ್ನೊಮ್ಮೆ ಕರಾವಳಿಯಲ್ಲಿ ಸಿಡಿಲು ಜೋರು. ಆಗ ಪ್ಲಗ್ ಕೀಳಲು ಆ ಮನೆಯಲ್ಲಿ ಯಾರೂ ಇರುವುದಿಲ್ಲ.

ಬೀಗ ಹಾಕುವ ಮುಂಚೆ ಮೈನ್ ಇಳಿಸಿ, ಟಿವಿ, ಡಿಶ್, ಫ್ರಿಜ್‌ಗಳ ಪ್ಲಗ್ ಕಿತ್ತು, ಫ್ರಿಜ್ ಖಾಲಿ ಮಾಡಿ ಬಾಗಿಲು ತುಸು ತೆರೆದಿಟ್ಟು ಬನ್ನಿ. ಇನ್ವರ್ಟರ್ ಇದ್ದರೆ ಸ್ವಲ್ಪ ಯೋಚನೆ ಬೇಕು. ಅದರ ಬ್ಯಾಟರಿ ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಕೂತರೆ ಹಾಳಾಗುತ್ತದೆ. ಪಕ್ಕದ ಮನೆಯವರ ಕೈಗೆ ಒಂದು ಕೀ ಕೊಟ್ಟು, ತಿಂಗಳಿಗೊಮ್ಮೆ ಒಂದು ದಿನ ಚಾರ್ಜ್‌ಗೆ ಹಾಕಿ ನೀರಿನ ಮಟ್ಟ ನೋಡಲು ಹೇಳಿ.