ಎರಡೂ ಸುಳ್ಳಲ್ಲ

ಕಳೆದ ತಿಂಗಳು ಕಣೇಕಲ್ಲಿನ ಕಡೆಯಿಂದ ಒಬ್ಬ ತಾಯಿ ನನ್ನ ಕಚೇರಿಗೆ ಬಂದಿದ್ದರು. ಹೊಲದ ಬದುವಿನ ತಕರಾರೋ ಮೇಲ್ಮಟ್ಟದ ಕಾಲುವೆಯ ನೀರಿನ ವ್ಯಾಜ್ಯವೋ ಇರಬೇಕೆಂದು ನಾನು ಭಾವಿಸಿದೆ. ಆ ಭಾಗದಿಂದ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಪಹಣಿಯ ಪ್ರತಿಯಿರುತ್ತದೆ. ಈಕೆಯ ಕೈಯಲ್ಲಿದ್ದುದು ಮೊಬೈಲು ಮಾತ್ರ. ಅದರಲ್ಲಿ ಮಗಳು ಬರೆದಿದ್ದ ಒಂದು ದೀರ್ಘ ಸಂದೇಶ. ಮಗಳು ಹತ್ತನೆಯ ತರಗತಿಯವರೆಗೆ ನಮ್ಮ ಕನ್ನಡ ಶಾಲೆಯಲ್ಲಿಯೇ ಓದಿ, ಬಳಿಕ ಶುಶ್ರೂಷಾ ಶಿಕ್ಷಣ ಮುಗಿಸಿ, ಈಗ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದಾಳೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಆ ತಾಯಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ಸಂದೇಶ ಅಚ್ಚಗನ್ನಡದಲ್ಲಿತ್ತು. ಕಾಲೇಜಿನಲ್ಲಿದ್ದಾಗ ಒಬ್ಬ ಹುಡುಗನನ್ನು ಪ್ರೀತಿಸಿದ್ದೆ, ಅದು ಮುರಿದುಬಿತ್ತು. ಈಗ ಜೊತೆಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿಯನ್ನು ಪ್ರೀತಿಸುತ್ತಿದ್ದೇನೆ. ಅಂದು ಅವನ ಮೇಲಿದ್ದದ್ದೂ ಸುಳ್ಳಲ್ಲ, ಇಂದು ಇವಳ ಮೇಲಿರುವುದೂ ಸುಳ್ಳಲ್ಲ, ನಾನು ಹೀಗಿದ್ದೇನೆ ಎಂಬುದು ಇಲ್ಲಿಗೆ ಬಂದ ಮೇಲೆ ನನಗೇ ತಿಳಿಯಿತು — ಇಷ್ಟು ಅದರ ಸಾರಾಂಶ. ಇಂಗ್ಲಿಷಿನಲ್ಲಿ ಇದಕ್ಕೆ ಒಂದೇ ಪದವಿದೆ, ಕನ್ನಡದಲ್ಲಿ ಏನೆನ್ನಬೇಕೋ ಗೊತ್ತಾಗದೆ ಇಷ್ಟುದ್ದ ಬರೆದೆ ಎಂದು ಕೊನೆಗೊಂದು ಸಾಲು.

ಹುಡುಗಿಯ ಮಾತು ನಿಜ. ನಮ್ಮ ಮಕ್ಕಳಿಗೆ ‘ದ್ವಿಲಿಂಗಿ’ ಎಂದರೆ ಜೀವಶಾಸ್ತ್ರದ ಪಾಠದಲ್ಲಿ ಬರುವ, ಕೇಸರವೂ ಶಲಾಕೆಯೂ ಇರುವ ಹೂವು. ಪತ್ರಿಕೆಗಳು ಬಳಸುವ ‘ದ್ವಿಲಿಂಗಕಾಮಿ’ ಎಂಬ ಶಬ್ದದಲ್ಲಿ ಕಾಮವೊಂದೇ ಕಣ್ಣಿಗೆ ರಾಚುತ್ತದೆ. ಮಗಳೊಬ್ಬಳು ತಾಯಿಯ ಮುಂದೆ ಉಚ್ಚರಿಸಬಲ್ಲ ಶಬ್ದ ಅದಲ್ಲ. ನಾನು ‘ಉಭಯಾನುರಾಗಿ’ ಎಂದರೆ ಹೇಗೆ ಎಂದು ಯೋಚಿಸಿದೆ. ಪಂಡಿತರು ಇದಕ್ಕಿಂತ ಒಳ್ಳೆಯದನ್ನು ಸೂಚಿಸಿದರೆ ಸಂತೋಷ. ಬಳ್ಳಾರಿಯಾಚೆಯ ಸಂಡೂರಿನ ವಸುಧೇಂದ್ರರು 2013ರಲ್ಲಿ ‘ಮೋಹನಸ್ವಾಮಿ’ಯನ್ನು ಪ್ರಕಟಿಸಿ, ಗಂಡು ಗಂಡನ್ನು ಪ್ರೀತಿಸುವ ಬಾಳನ್ನು ನಮ್ಮ ಸೀಮೆಯ ಕನ್ನಡದಲ್ಲಿಯೇ ಹೇಳಬಹುದೆಂದು ತೋರಿಸಿದರು. ಈ ಹುಡುಗಿಯ ಸಂಗತಿ ಅದಕ್ಕಿಂತ ಬೇರೆಯಾದರೂ, ದಾರಿ ತೆರೆದಂತಾಗಿದೆ.

ತಾಯಿ ಬಂದದ್ದು ಪದ ಕೇಳುವುದಕ್ಕಲ್ಲ. ಮನೆಯವರು ಒಂದು ಯೋಜನೆ ಹಾಕಿದ್ದರು. ಅಜ್ಜಿಗೆ ಕಾಯಿಲೆಯೆಂದು ಹೇಳಿ ಮಗಳನ್ನು ರಜೆಗೆ ಕರೆಸುವುದು, ಬಂದೊಡನೆ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು, ತಿಂಗಳೊಳಗೆ ಸೋದರಮಾವನ ಮಗನಿಗೆ ಧಾರೆಯೆರೆಯುವುದು. ‘ಹುಡುಗನ ಮೇಲೂ ಮನಸ್ಸಾಗಿತ್ತೆಂದು ಅವಳೇ ಬರೆದಿದ್ದಾಳಲ್ಲ ಸ್ವಾಮಿ, ಅಂದಮೇಲೆ ಮದುವೆಗೇನು ಅಡ್ಡಿ? ಕಾನೂನಿನಲ್ಲಿ ನಮಗೆ ಹಕ್ಕಿದೆಯೇ?’ ಎಂಬುದು ಪ್ರಶ್ನೆ.

ಇಂಥ ಮಕ್ಕಳಿಗೆ ಒದಗುವ ವಿಶೇಷ ಕಷ್ಟ ಇದು. ಹೆಣ್ಣನ್ನೇ ಪ್ರೀತಿಸುವ ಹೆಣ್ಣಿಗೆ ‘ನಿನ್ನಿಂದಾಗದು’ ಎಂದಾದರೂ ಒಪ್ಪುವವರು, ಈಕೆಗೆ ‘ನಿನ್ನಿಂದ ಆಗುತ್ತದಲ್ಲ, ಮತ್ತೇಕೆ ಹಟ?’ ಎನ್ನುತ್ತಾರೆ. ಒಬ್ಬ ಗಂಡಸನ್ನು ಪ್ರೀತಿಸಬಲ್ಲೆ ಎಂಬುದು, ನೀವು ತೋರಿಸಿದ ಗಂಡಸನ್ನು ಮದುವೆಯಾಗುವೆ ಎಂಬ ಒಪ್ಪಿಗೆಯಾಗಲಾರದು. ಹಾಗಾಗುವುದಾದರೆ ಊರಿನ ಯಾವ ಹೆಣ್ಣುಮಗಳ ಒಪ್ಪಿಗೆಯನ್ನೂ ಕೇಳಬೇಕಾಗಿರಲಿಲ್ಲ.

ನಾವು ಗಡಿಯವರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿತು. ಅಂದಿನಿಂದ ನಮ್ಮನ್ನು ‘ನೀವು ಯಾವ ಕಡೆಯವರು?’ ಎಂದು ಕೇಳದವರಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಒಂದು, ಕಚೇರಿಯಲ್ಲಿ ಮತ್ತೊಂದು. ಅಲ್ಲಿಗೆ ಹೋದರೆ ತೆಲುಗರೆನ್ನುತ್ತಾರೆ, ಇಲ್ಲಿ ಕನ್ನಡದವರೆನ್ನುತ್ತಾರೆ. ಎರಡರಲ್ಲೊಂದು ನಟನೆಯಿರಬೇಕೆಂದು ಶಂಕಿಸುವವರೂ ಉಂಟು. ಭಾಷೆಯೂ ಪ್ರೇಮವೂ ಒಂದೇ ಅಲ್ಲವೆಂದು ಬಲ್ಲೆ. ಆದರೂ ‘ಎರಡೂ ಸುಳ್ಳಲ್ಲ’ ಎಂಬ ಆ ಮಗುವಿನ ಮಾತನ್ನು ಓದಿದಾಗ ನನಗೆ ನೆನಪಾದುದು ಇದೇ. ಆ ತಾಯಿಗೂ ಇದನ್ನೇ ಹೇಳಿದೆ. ಆಕೆ ಉತ್ತರಿಸಲಿಲ್ಲ, ಆದರೆ ಎದ್ದುಹೋಗಲೂ ಇಲ್ಲ.

ಇನ್ನು ಕಾನೂನು. ಹದಿನೆಂಟು ತುಂಬಿದ ಮಗಳ ಮೇಲೆ ತಂದೆತಾಯಿಗೆ ಮಮತೆಯ ಅಧಿಕಾರವುಂಟು, ಬೀಗದ ಅಧಿಕಾರವಿಲ್ಲ. ಪಾಸ್‌ಪೋರ್ಟು ತಂದೆಯದೂ ಅಲ್ಲ, ಮಗಳದೂ ಅಲ್ಲ. 1967ರ ಕಾಯ್ದೆಯಂತೆ ಅದು ಕೇಂದ್ರ ಸರ್ಕಾರದ ಸ್ವತ್ತು. ಅದನ್ನು ಜಪ್ತು ಮಾಡುವ ಅಧಿಕಾರ ಪಾಸ್‌ಪೋರ್ಟ್ ಅಧಿಕಾರಿಗೇ ಹೊರತು ಮನೆಯ ಹಿರಿಯರಿಗಿಲ್ಲ. ಕೋಣೆಯಲ್ಲಿ ಕೂಡಿಹಾಕಿದರೆ ಅದು ಅಕ್ರಮ ಬಂಧನ. ಬಲವಂತದಿಂದ ಒಪ್ಪಿಗೆ ಪಡೆದು ಮಾಡಿದ ಮದುವೆಯನ್ನು 1955ರ ಹಿಂದೂ ವಿವಾಹ ಕಾಯ್ದೆಯ 12ನೆಯ ಕಲಮಿನಡಿ ರದ್ದುಗೊಳಿಸಬಹುದು. ಸಂಗಾತಿಯೋ ಗೆಳತಿಯೋ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರೆ, ನ್ಯಾಯಾಧೀಶರು ಆಕೆಯನ್ನು ಮನೆಯವರಿಲ್ಲದೆ ಪ್ರತ್ಯೇಕವಾಗಿ ಕಂಡು ಮಾತನಾಡಬೇಕು, ಮನಸ್ಸು ಬದಲಿಸುವ ಉದ್ದೇಶದ ಸಮಾಲೋಚನೆಗೆ ಕಳುಹಿಸಬಾರದು ಎಂದು ಸರ್ವೋಚ್ಚ ನ್ಯಾಯಾಲಯ 2024ರ ಮಾರ್ಚ್ ತಿಂಗಳಿನಲ್ಲಿ ನಿರ್ದೇಶಿಸಿದೆ. ‘ಡಾಕ್ಟರ ಹತ್ತಿರ ತೋರಿಸೋಣ’ ಎಂಬ ಮಾತೂ ಬಂತು. ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಆನಂದ ವೆಂಕಟೇಶ್ ಅವರು 2021ರ ಜೂನ್ 7ರಂದು ಇಂಥ ‘ಸರಿಪಡಿಸುವ ಚಿಕಿತ್ಸೆ’ಯನ್ನು ನಿಷೇಧಿಸುವಂತೆ ಆದೇಶಿಸಿದರು, ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿದುರ್ನಡತೆಯೆಂದು ಸಾರಿತು. ಮಧುರೆಯ ಇಬ್ಬರು ಯುವತಿಯರು ಮನೆ ಬಿಟ್ಟು ಚೆನ್ನೈಗೆ ಹೋಗಿ ರಕ್ಷಣೆ ಕೋರಿದ್ದ ಪ್ರಕರಣವದು. ನನಗೆ ಅದರಲ್ಲಿ ಮೆಚ್ಚಿಕೆಯಾದದ್ದು ತೀರ್ಪಿಗಿಂತ ಹೆಚ್ಚಾಗಿ ನ್ಯಾಯಮೂರ್ತಿಗಳ ನಡೆ: ಈ ವಿಷಯ ತಮಗೆ ಪೂರ್ತಿ ಅರ್ಥವಾಗಿಲ್ಲವೆಂದು ಬಹಿರಂಗವಾಗಿ ಒಪ್ಪಿ, ಮನಶ್ಶಾಸ್ತ್ರಜ್ಞರ ಬಳಿ ಕುಳಿತು ಪಾಠ ಕೇಳಿದ ಮೇಲೆಯೇ ಅವರು ಆದೇಶ ಬರೆದರು.

ಕಾನೂನು ಪೂರ್ಣವಾಗಿ ಆಕೆಯ ಪಕ್ಷದಲ್ಲಿದೆಯೆಂದು ಹೇಳಿದರೆ ಅದೂ ಸುಳ್ಳಾದೀತು. 2018ರ ಸೆಪ್ಟೆಂಬರ್ 6ರಂದು 377ನೆಯ ಕಲಮಿನ ಭಯ ತೊಲಗಿತು. ಆದರೆ 2023ರ ಅಕ್ಟೋಬರ್ 17ರ ತೀರ್ಪು ಇಬ್ಬರು ಹೆಂಗಸರ ಮದುವೆಗೆ ಮಾನ್ಯತೆ ನೀಡಲಿಲ್ಲ. ಐರ್ಲೆಂಡಿನಲ್ಲಿ 2015ರ ಜನಮತಗಣನೆಯಲ್ಲಿ ನೂರಕ್ಕೆ 62 ಮಂದಿ ಒಪ್ಪಿಗೆಯಿತ್ತು ಸಂವಿಧಾನವನ್ನೇ ತಿದ್ದಿದರು. ಅಲ್ಲಿ ಕಾನೂನುಬದ್ಧ ಹೆಂಡತಿಯಾದವಳು ಇಲ್ಲಿ ವಿಮಾನದಿಂದಿಳಿದರೆ ಕಾನೂನಿನ ಕಣ್ಣಿಗೆ ಏನೂ ಅಲ್ಲ. ಅಂದರೆ, ಒಂದೇ ಹೃದಯದ ಒಂದು ಪ್ರೀತಿಗೆ ವಾರಸಾ ಹಕ್ಕು, ಜೀವನಾಂಶ ಎಲ್ಲವೂ ಉಂಟು. ಇನ್ನೊಂದಕ್ಕೆ ಏನೂ ಇಲ್ಲ.

ವಿದೇಶದ ಗಾಳಿ ತಾಗಿ ಹೀಗಾಯಿತೆಂದು ತಾಯಿಯ ನಂಬಿಕೆ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ವಿಷಯ ಹೇಳಿದೆ. ತಂದೆ ಪಂಜಾಬಿನ ಸಿಖ್ಖರು, ತಾಯಿ ಹಂಗೇರಿಯವರು. 1913ರಲ್ಲಿ ಬುಡಾಪೆಸ್ಟಿನಲ್ಲಿ ಜನನ. ಹದಿನಾರರ ಹರೆಯದಲ್ಲಿ ಚಿತ್ರಕಲೆ ಕಲಿಯಲು ಪ್ಯಾರಿಸ್ಸಿಗೆ. ಅಲ್ಲಿದ್ದಾಗ ಗೆಳತಿಯೊಬ್ಬಳ ಕುರಿತು ತಾಯಿಗೆ ಅನುಮಾನ ಬಂತು. ಆ ಗೆಳತಿಯೊಡನೆ ಅಂಥದೇನಿಲ್ಲವೆಂದು ಉತ್ತರಿಸಿದ ಅಮೃತಾ, ಹೆಣ್ಣೊಬ್ಬಳೊಡನೆ ಸಂಬಂಧ ಬೆಳೆಸುವ ಯೋಚನೆ ತಮಗಿದ್ದುದನ್ನು ಮಾತ್ರ ಮರೆಮಾಚಲಿಲ್ಲ. ಇದು 1934ರ ಮಾತು. ಅವರು 1938ರಲ್ಲಿ ಸೋದರ ಸಂಬಂಧಿಯಾದ ವೈದ್ಯ ವಿಕ್ಟರ್ ಎಗಾನ್ ಅವರನ್ನು ತಾವಾಗಿ ಮೆಚ್ಚಿ ವರಿಸಿದರು. ದಕ್ಷಿಣದ ಹಳ್ಳಿಗರು ಸಂತೆಗೆ ಹೊರಟ ಚಿತ್ರವನ್ನು ಬರೆದವರು ಅವರೇ. ಪ್ಯಾರಿಸ್ ಅವರಿಗೆ ಮನಸ್ಸನ್ನು ಕೊಡಲಿಲ್ಲ, ಮನಸ್ಸನ್ನು ಅರಿಯುವ ಏಕಾಂತವನ್ನು ಕೊಟ್ಟಿತು. ಐರ್ಲೆಂಡ್ ನಿಮ್ಮ ಮಗಳಿಗೂ ಅಷ್ಟನ್ನೇ ಕೊಟ್ಟಿರಬಹುದು ಎಂದೆ.

ಇಷ್ಟೆಲ್ಲ ಹೇಳುವ ನಾನೂ ನಿರ್ದೋಷಿಯಲ್ಲ. ವೃತ್ತಿ ಆರಂಭಿಸಿದ ದಿನಗಳಲ್ಲಿ ಇಂಥದೇ ಒಂದು ಮನೆಯವರು ಸಲಹೆ ಕೇಳಿ ಬಂದಿದ್ದರು. ಬೇಗ ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ ಎಂದು ಪುಸ್ತಕ ತೆರೆಯದೆಯೇ ಹೇಳಿ ಕಳುಹಿಸಿದೆ. ಮೂರು ವರ್ಷಗಳ ಬಳಿಕ ಅದೇ ಹುಡುಗಿ ವಿಚ್ಛೇದನದ ಅರ್ಜಿಗಾಗಿ ನನ್ನೆದುರು ಕುಳಿತಿದ್ದಳು. ಆ ಸಲಹೆ ಯಾರದೆಂದು ಆಕೆಗೆ ತಿಳಿದಿರಲಿಲ್ಲ. ಹೇಳುವ ಧೈರ್ಯ ನನಗಾಗಲಿಲ್ಲ. ಕೈಹಿಡಿದವನೂ ಒಳ್ಳೆಯ ಮನುಷ್ಯ. ಅವನ ಬಾಳೂ ಕೆಟ್ಟಿತು. ಈ ಕಥೆಯನ್ನೂ ತಾಯಿಗೆ ಹೇಳಿದೆ. ಕಲಮುಗಳಿಗಿಂತ ಇದನ್ನೇ ಆಕೆ ಹೆಚ್ಚು ಗಮನವಿಟ್ಟು ಕೇಳಿದರು.

ಹೊರಡುವ ಮುನ್ನ ಆಕೆ ಕೇಳಿದ್ದು ಒಂದೇ: ‘ಮಗಳಿಗೆ ಏನೆಂದು ಬರೆಯಲಿ?’ ಅದು ವಕೀಲನ ಕೆಲಸವಲ್ಲವೆಂದೆ. ಅಜ್ಜಿಗೆ ಕಾಯಿಲೆಯೆಂದು ಮಾತ್ರ ಬರೆಯಬೇಡಿರೆಂದೆ.

ಮಗಳು ಶೇಂಗಾ ಕೀಳುವ ಹೊತ್ತಿಗೆ ಹದಿನೈದು ದಿನಗಳ ರಜೆಯ ಮೇಲೆ, ಹಿಂದಿರುಗುವ ಟಿಕೇಟಿನೊಂದಿಗೆ ಬರುತ್ತಾಳಂತೆ. ತಂದೆ ಇನ್ನೂ ಮಾತು ಬಿಟ್ಟಿದ್ದಾರೆ. ಬೀರುವಿನ ಕೀಲಿಕೈ ಈಗ ತನ್ನ ಸೆರಗಿನಲ್ಲಿದೆಯೆಂದು ಆ ತಾಯಿ ಮೊನ್ನೆ ಫೋನಿನಲ್ಲಿ ತಿಳಿಸಿದರು.