ಎಂಟು ಮಂದಿಯನ್ನು ಹುಡುಕಿದ ಕಾನೂನು

ಮದುವೆಗೆ ಮೊದಲು ಎಚ್‌ಐವಿ ಪರೀಕ್ಷೆ ಕಡ್ಡಾಯವಾಗಲಿ ಎಂಬ ಹಳೆಯ ಮಾತನ್ನು 2025ರ ಜುಲೈನಲ್ಲಿ ಮೇಘಾಲಯದ ಆರೋಗ್ಯ ಸಚಿವೆ ಅಂಪರೀನ್ ಲಿಂಗ್ಡೋ ಮತ್ತೆ ಎತ್ತಿದರು. ದೇವದಾಸಿ ಪದ್ಧತಿಯ, ಎಚ್‌ಐವಿಯ ನೋವು ಉಂಡ ಬೆಳಗಾವಿ ಜಿಲ್ಲೆಯಲ್ಲೂ ಇದಕ್ಕೆ ತಲೆದೂಗುವವರು ಸಿಗುತ್ತಾರೆ. ನನ್ನ ಮಟ್ಟಿಗೆ ಇದು ಕೆಲಸಕ್ಕೆ ಬಾರದ ಕಾನೂನು.

ಅಮೆರಿಕದ ಇಲಿನಾಯ್ ರಾಜ್ಯ 1988ರ ಜನವರಿಯಲ್ಲೇ ಇದನ್ನು ಮಾಡಿ ನೋಡಿತ್ತು. ಮೊದಲ ಆರು ತಿಂಗಳಲ್ಲಿ 70,846 ಮಂದಿಯ ರಕ್ತ ಪರೀಕ್ಷೆಯಾಯಿತು. ಸೋಂಕು ಕಂಡದ್ದು 8 ಮಂದಿಯಲ್ಲಿ. ಒಬ್ಬೊಬ್ಬರನ್ನು ಹುಡುಕಲು ಸುಮಾರು 3,12,000 ಡಾಲರ್ ಖರ್ಚು. ಅದೂ ಹೋಗಲಿ, ಮದುವೆ ಪರವಾನಗಿಗಳೇ ಶೇಕಡಾ 22.5ರಷ್ಟು ಕುಸಿದವು. ಜನ ಮದುವೆ ಬಿಟ್ಟಿರಲಿಲ್ಲ, ಪಕ್ಕದ ರಾಜ್ಯಕ್ಕೆ ಹೋಗಿ ಆಗುತ್ತಿದ್ದರು. 1989ರಲ್ಲಿ ಕಾನೂನನ್ನೇ ರದ್ದು ಮಾಡಬೇಕಾಯಿತು.

ಈಗ ಹುಕ್ಕೇರಿಯ ನಕಾಶೆ ನೋಡಿ. ಸಂಕೇಶ್ವರದಿಂದ ಮಹಾರಾಷ್ಟ್ರದ ಗಡಹಿಂಗ್ಲಜ ಎಷ್ಟು ದೂರ? ಸಂತೆಗೆ ಹೋಗಿ ಊಟದ ಹೊತ್ತಿಗೆ ಮರಳುವಷ್ಟು. ಬೀಗರು ಆಚೆಗೂ ಇದ್ದಾರೆ, ಈಚೆಗೂ ಇದ್ದಾರೆ. ಅಕ್ಷತೆ ಎಲ್ಲಿ ಬೀಳಬೇಕು ಎಂಬುದನ್ನು ಬೆಂಗಳೂರಿನ ಆದೇಶ ತೀರ್ಮಾನಿಸುವುದಿಲ್ಲ. ಇನ್ನು, ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಸಲ್ಲದು ಎನ್ನುವ 2017ರ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದನ್ನು ಓದಿದವರು ಕಡಿಮೆ ಎಂದು ಕಾಣುತ್ತದೆ.

ನಿಜವಾದ ಭಯ ಇರುವುದು ಬೇರೆ ಕಡೆ. ಕಾಂಡೋಮ್ ಇಲ್ಲದೆ ಒಂದು ರಾತ್ರಿ ಕಳೆದ ಹುಡುಗ ಮರುದಿನವೇ ಲ್ಯಾಬಿಗೆ ಓಡುತ್ತಾನೆ. 'ನೆಗೆಟಿವ್' ಚೀಟಿ ಹಿಡಿದು ನಿರಾಳವಾಗುತ್ತಾನೆ, ಇಲ್ಲವೇ ನಂಬಿಕೆ ಬಾರದೆ ವರ್ಷವಿಡೀ ಪರೀಕ್ಷೆ ಮಾಡಿಸುತ್ತಾನೆ. ಮರುದಿನದ ಪರೀಕ್ಷೆ ಹಿಂದಿನ ರಾತ್ರಿಯ ಬಗ್ಗೆ ಏನೂ ಹೇಳದು; ಖಚಿತ ಉತ್ತರಕ್ಕೆ ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಬೇಕು. ಮದುವೆ ಪರೀಕ್ಷೆಯ ಕಥೆಯೂ ಇದೇ.

ಅವನಿಗೆ ಬೇಕಾದ ಅಂಕಿ 72. ಎಚ್‌ಐವಿ ತಡೆಯುವ 28 ದಿನಗಳ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಉರಿಮೂತ್ರ, ಕೀವು ಕಂಡರೆ ಸರ್ಕಾರಿ ಸುರಕ್ಷಾ ಕ್ಲಿನಿಕ್ಕಿನ ಬೂದು ಬಣ್ಣದ ಕಿಟ್ ಇದೆ: ಅಜಿಥ್ರೊಮೈಸಿನ್, ಸೆಫಿಕ್ಸಿಮ್, ಪುಕ್ಕಟೆ. ಇದನ್ನು ಹೇಳುವ ಫಲಕಗಳಿಗಿಂತ 'ಗುಪ್ತರೋಗ ತಜ್ಞ'ರ ಪೋಸ್ಟರುಗಳೇ ಬಸ್‌ ನಿಲ್ದಾಣದ ಗೋಡೆಗಳಲ್ಲಿ ಹೆಚ್ಚು.

ಮೂಡಲಗಿಯ ಹುಡುಗನ ಲೆಕ್ಕ ಹಾಕಿ. ಶನಿವಾರ ರಾತ್ರಿ ಹತ್ತಕ್ಕೆ ತಪ್ಪು. ಭಾನುವಾರ ಹೊರರೋಗಿ ವಿಭಾಗ ಬಂದ್. ಸೋಮವಾರ ಒಂಬತ್ತಕ್ಕೆ ಬಾಗಿಲು ತೆರೆಯುವಾಗ 35 ಗಂಟೆ ಹೋಗಿರುತ್ತದೆ. ಗೋಕಾಕದ ದವಾಖಾನೆಯ ಸಾಲಿನಲ್ಲಿ ಗುರುತಿನವರು ಸಿಕ್ಕಾರೆಂದು ಅವನು ಮಿರಜದ ಬಸ್ಸು ಹತ್ತುವ ಯೋಚನೆ ಮಾಡುತ್ತಾನೆ. ಅದಕ್ಕೆ ದುಡ್ಡು, ರಜೆ, ಮನೆಯಲ್ಲಿ ಹೇಳಲೊಂದು ನೆಪ ಬೇಕು. ಮಂಗಳವಾರ ರಾತ್ರಿ ಹತ್ತಕ್ಕೆ ಗಡುವು ಮುಗಿಯುತ್ತದೆ.