ಉಬ್ಬಿದ ಹೊರಗೋಡೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಂತಹ ಊರುಗಳಲ್ಲಿ ಹಳೆಯ ಮಣ್ಣುಗೋಡೆಯ ಹೊರಮೈಗೆ ಸುಟ್ಟ ಇಟ್ಟಿಗೆಯ ಒಂದು ಪದರವನ್ನು ಕಟ್ಟಿಸಿ ಮನೆಗೆ ಹೊಸ ಕಳೆ ತರುವುದುಂಟು. ಕೆಲವು ಮಳೆಗಾಲಗಳು ಕಳೆದ ಮೇಲೆ ಆ ಪದರ ಉಬ್ಬಿ ಬಿರುಕು ಬಿಟ್ಟರೆ, ಮನೆಯವರು ಸಿಮೆಂಟು ಮೆತ್ತಿ ಸುಣ್ಣ ಬಳಿದು ನಿಶ್ಚಿಂತರಾಗುತ್ತಾರೆ. ಇದನ್ನು ನಾವು ಒಪ್ಪಲಾರೆವು. ಆ ಪದರದ ಒಂದು ಚದರ ಮೀಟರು ಸುಮಾರು 200 ಕಿಲೋಗ್ರಾಮು ತೂಗುತ್ತದೆ. ಜಗಲಿಯಿರುವುದು ಅದರ ಅಡಿಯಲ್ಲಿಯೇ.

ಮಣ್ಣು ನೆನೆದಾಗ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ. ಗೂಡಿನಿಂದ ಬಂದ ಇಟ್ಟಿಗೆಯಾದರೋ ಗಾಳಿಯ ತೇವವನ್ನು ಹೀರಿ ವರ್ಷಾನುವರ್ಷ ಅತ್ಯಲ್ಪವಾಗಿ ಹಿಗ್ಗುತ್ತಲೇ ಇರುತ್ತದೆ. ಇವೆರಡನ್ನೂ ಬೆಸೆಯುವ ಅಡ್ಡ ಇಟ್ಟಿಗೆಗಳಿಲ್ಲದಿದ್ದರೆ ಅವು ಬೇರ್ಪಡದೆ ಏನು ಮಾಡಿಯಾವು?

ಗಾರೆಕೆಲಸದವರ ತೂಕದ ಗುಂಡನ್ನು ಇಳಿಬಿಟ್ಟು ನೋಡಿರಿ. 11 ಸೆಂ.ಮೀ. ದಪ್ಪದ ಪದರ ಬಿಡಿಯಾಗಿ ನಿಂತು ವಾಲಿದಾಗ, ಮೇಲ್ತುದಿ ಸರಿದುದರ ಅರ್ಧದಷ್ಟು ಅದರ ಗುರುತ್ವಕೇಂದ್ರ ಸರಿಯುತ್ತದೆ. ತುದಿ 3.7 ಸೆಂ.ಮೀ. ಸರಿಯಿತೆಂದರೆ ಭಾರದ ರೇಖೆ ಬುಡದ ನಡುವಣ ಮೂರನೆಯ ಒಂದು ಭಾಗದ ಅಂಚನ್ನು ಮುಟ್ಟಿತು. ಆಚೆಗೆ ಒಳಬದಿಯ ಗಾರೆ ಎಳೆತಕ್ಕೆ ಸಿಕ್ಕುತ್ತದೆ. ಎಳೆತವನ್ನು ತಾಳುವ ಶಕ್ತಿ ಗಾರೆಗೆ ಬಹಳ ಕಡಿಮೆ.

ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ತುಂಡೊಂದನ್ನು ಗಾರೆಯಲ್ಲಿ ಕೂರಿಸಿ ಒಂದು ಮಳೆಗಾಲ ಕಾದರೆ, ಚಲನೆ ನಿಂತಿದೆಯೋ ಇಲ್ಲವೋ ತಿಳಿಯುತ್ತದೆ. ನಿಂತಿಲ್ಲದಿದ್ದರೆ ಗಾಜು ಒಡೆಯುತ್ತದೆ. ಸೂರಿನ ನೀರು ಗೋಡೆಯ ನಡುವೆ ಇಳಿಯದಂತೆ ಮೊದಲು ತಡೆಯಬೇಕು. ಬಳಿಕ ತುಕ್ಕು ಹಿಡಿಯದ ಉಕ್ಕಿನ ಸರಳುಗಳನ್ನು ಗೋಡೆಯಲ್ಲಿ ಈಚೆಯಿಂದ ಆಚೆಗೆ ತೂರಿಸಿ, ಎರಡು ಕಡೆಯೂ ಅಗಲವಾದ ಬಿಲ್ಲೆ ಕೊಟ್ಟು ಬಿಗಿಯಬೇಕು. ತೀರ ಉಬ್ಬಿದ ಭಾಗವನ್ನು ಬಿಚ್ಚಿಯೇ ಕಟ್ಟಬೇಕು. ಅಲ್ಲಿಯವರೆಗೆ ಜಗಲಿಯ ಮೇಲೆ ಯಾರನ್ನೂ ಕೂರಗೊಡಬಾರದು.